ಬೆಕ್ಕು ಕೃತಘ್ನ ಪ್ರಾಣಿಯೆ?

*ಮಡಿಲಿನಲ್ಲಿ ಮಲಗುವ ಈ ಅತಿಥಿಯ ಭಾಷೆಯನ್ನು ಅರಿತವರು ಎಷ್ಟು ಮಂದಿ?*

ನಾಯಿಯನ್ನೂ ಬೆಕ್ಕನ್ನೂ ಹೋಲಿಸಿ ಹಿರಿಯರು ಹೇಳುವ ಮಾತೊಂದುಂಟು. ಮನೆಯಲ್ಲಿ ಮಕ್ಕಳು ಮರಿ ಹೆಚ್ಚಲಿ, ಒಬ್ಬೊಬ್ಬರು ಒಂದೊಂದು ತುತ್ತು ಹಾಕಿದರೂ ತನ್ನ ಹೊಟ್ಟೆ ತುಂಬೀತು ಎಂದು ನಾಯಿ ಹಾರೈಸುತ್ತದಂತೆ. ಮನೆಯೊಡತಿಯ ಕಣ್ಣು ಹೋಗಲಿ, ಹಾಲಿನ ಪಾತ್ರೆಗೆ ಕಾವಲು ತಪ್ಪಲಿ ಎಂದು ಬೆಕ್ಕು ಹಾರೈಸುತ್ತದಂತೆ. ದಾರಿಗೆ ಅಡ್ಡ ಬಂದರೆ ಅದು ಅಪಶಕುನ. ಕಣ್ಣು ಮುಚ್ಚಿ ಹಾಲು ಕುಡಿದರೆ ಕಳ್ಳತನ. ಇಲಿಯೊಡನೆ ಆಡಿದರೆ ಕ್ರೌರ್ಯ. ಗಾದೆಗಳ ನ್ಯಾಯಸ್ಥಾನದಲ್ಲಿ ಬೆಕ್ಕು ಗೆದ್ದ ಮೊಕದ್ದಮೆ ಒಂದೂ ಇಲ್ಲ.

ಈ ತೀರ್ಪು ಬರಿಯ ಬಾಯಿಮಾತಿನಲ್ಲಿ ಮುಗಿದಿದ್ದರೆ ಚಿಂತೆಯಿರಲಿಲ್ಲ. ಹಾಸಿಗೆಯ ಮೇಲೆ ಗಲೀಜು ಮಾಡಿತೆಂದೋ, ಮಗುವಿನ ಕೈ ಪರಚಿತೆಂದೋ, ಸೋಫಾದ ಬಟ್ಟೆ ಹರಿಯಿತೆಂದೋ ಸಿಟ್ಟುಗೊಂಡ ಮನೆಯವರು ಒಂದು ಮುಂಜಾನೆ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದುಂಟು. “ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತದೆ, ಅದಕ್ಕೆ ನಮ್ಮ ಮೇಲೆ ಏನು ಮಮತೆ?” ಎಂಬ ಸಮಾಧಾನ ಬೇರೆ. ಆ ಸಮಾಧಾನಕ್ಕೆ ಆಧಾರವುಂಟೆ? ಬೆಕ್ಕಿಗೆ ನಿಜವಾಗಿಯೂ ಮಮತೆಯಿಲ್ಲವೆ? ಅಥವಾ ಅದು ಹೇಳುವುದು ಮನುಷ್ಯನಿಗೆ ಅರ್ಥವಾಗುತ್ತಿಲ್ಲವೆ? ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡಿದ್ದಾರೆ.

ಕಣಜಕ್ಕೆ ಬಂದ ಬೇಟೆಗಾರ

ನಾಯಿಯ ಪೂರ್ವಜನಾದ ತೋಳ ಹಿಂಡಿನಲ್ಲಿ ಬಾಳುವ ಪ್ರಾಣಿ. ಹಿಂಡಿಗೆ ನಾಯಕರುಂಟು, ಕೂಡಿ ಬೇಟೆಯಾಡುವ ಕ್ರಮವುಂಟು. ಬೆಕ್ಕಿನ ಪೂರ್ವಜವಾದ ಕಾಡುಬೆಕ್ಕು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಬಯಲುಗಳಲ್ಲಿ ಒಂಟಿಯಾಗಿ ಬೇಟೆಯಾಡುವಂಥದು. ಯಾರ ಅಪ್ಪಣೆಗೂ ಕಾಯಬೇಕಾದ ಪ್ರಮೇಯ ಅದಕ್ಕೆ ಒದಗಲಿಲ್ಲ. ಮನುಷ್ಯ ಬೇಸಾಯ ಕಲಿತು ಕಾಳನ್ನು ಕಣಜದಲ್ಲಿ ತುಂಬಿಟ್ಟ ಕಾಲಕ್ಕೆ ಇಲಿಗಳು ಬಂದವು. ಇಲಿಗಳ ಬೆನ್ನಿಗೆ ಬೆಕ್ಕು ಬಂದಿತು. ಅದನ್ನು ಯಾರೂ ಬಲೆ ಹಾಕಿ ಹಿಡಿದು ಪಳಗಿಸಲಿಲ್ಲ. ತನಗೆ ಅನುಕೂಲವೆಂದು ಅದೇ ಬಂದಿತು, ಮನುಷ್ಯನಿಗೂ ಅನುಕೂಲವೆಂದು ಆತ ಓಡಿಸದೆ ಬಿಟ್ಟ. ನಾಯಿಯನ್ನು ಕಾವಲಿಗೆ, ಬೇಟೆಗೆ, ಕುರಿ ಕಾಯುವುದಕ್ಕೆ ಎಂದು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ್ದಾರೆ. ಬೆಕ್ಕಿಗೆ ಅಂಥ ಶಿಕ್ಷಣ ನಡೆಯಲಿಲ್ಲ. ಇಲಿ ಹಿಡಿಯುವುದನ್ನು ಅದಕ್ಕೆ ಕಲಿಸಬೇಕಾಗಿಯೇ ಇರಲಿಲ್ಲ.

ಆದರೂ ಈ ಅನುಕೂಲದ ಒಪ್ಪಂದ ಬಹು ಹಿಂದೆಯೇ ಬೇರೆಯ ರೂಪ ತಾಳಿದ್ದಿರಬೇಕು. ಸೈಪ್ರಸ್ ದ್ವೀಪದ ಒಂದು ಪ್ರಾಚೀನ ಹಳ್ಳಿಯ ನೆಲೆಯಲ್ಲಿ ಫ್ರಾನ್ಸಿನ ಪುರಾತತ್ತ್ವಜ್ಞರು ಅಗೆದಾಗ ಸುಮಾರು ೯,೫೦೦ ವರ್ಷ ಹಿಂದಿನ ಸಮಾಧಿಯೊಂದು ಸಿಕ್ಕಿತು. ಮನುಷ್ಯನ ಅಸ್ಥಿಪಂಜರದಿಂದ ೪೦ ಸೆಂಟಿಮೀಟರು ದೂರದಲ್ಲಿ, ತನ್ನದೇ ಪುಟ್ಟ ಗುಂಡಿಯಲ್ಲಿ, ಸುಮಾರು ಎಂಟು ತಿಂಗಳ ಬೆಕ್ಕೊಂದನ್ನು ಅಖಂಡವಾಗಿ ಮಲಗಿಸಿ ಹೂಳಲಾಗಿತ್ತು. ೨೦೦೪ರಲ್ಲಿ ಪ್ರಕಟವಾದ ಈ ಶೋಧದ ಸ್ವಾರಸ್ಯ ಇಷ್ಟರಲ್ಲೇ ಮುಗಿಯುವುದಿಲ್ಲ. ಆ ದ್ವೀಪದಲ್ಲಿ ಬೆಕ್ಕುಗಳು ಮೂಲತಃ ಇರಲಿಲ್ಲ. ಯಾರೋ ಅವನ್ನು ದೋಣಿಯಲ್ಲಿಟ್ಟುಕೊಂಡು ಕಡಲು ದಾಟಿಸಿ ತಂದಿರಬೇಕು.

ಮಮತೆಗೆ ಪರೀಕ್ಷೆ

ಮಗುವಿಗೆ ತಾಯಿಯ ಮೇಲೆ ಇರುವ ನೆಚ್ಚಿಕೆಯನ್ನು ಅಳೆಯಲು ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ಬಳಸುತ್ತಾರೆ. ಅದೇ ಮಾದರಿಯ ಪರೀಕ್ಷೆಯನ್ನು ಅಮೆರಿಕದ ಆರಿಗನ್ ರಾಜ್ಯ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು ಬೆಕ್ಕುಗಳ ಮೇಲೆ ನಡೆಸಿ ೨೦೧೯ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಧಾನ ಸರಳ. ಬೆಕ್ಕಿನ ಮರಿ ತನ್ನ ಒಡೆಯನೊಡನೆ ಅಪರಿಚಿತ ಕೋಣೆಯಲ್ಲಿ ಎರಡು ನಿಮಿಷ ಇರಬೇಕು. ಅನಂತರ ಒಡೆಯ ಎದ್ದು ಹೋಗಬೇಕು. ಮರಿ ಎರಡು ನಿಮಿಷ ಒಂಟಿಯಾಗಿರಬೇಕು. ಬಳಿಕ ಒಡೆಯ ಹಿಂದಿರುಗಬೇಕು. ಆ ಕೊನೆಯ ಎರಡು ನಿಮಿಷಗಳಲ್ಲಿ ಮರಿ ಏನು ಮಾಡುತ್ತದೆಂಬುದೇ ಪರೀಕ್ಷೆ.

ಶೇಕಡ ೬೪ರಷ್ಟು ಮರಿಗಳು ಒಡೆಯ ಬಂದೊಡನೆ ಹತ್ತಿರ ಹೋಗಿ ಮೈಯುಜ್ಜಿ, ಕಳವಳ ನೀಗಿ, ಮತ್ತೆ ಕೋಣೆಯನ್ನು ನೋಡುತ್ತ ಓಡಾಡತೊಡಗಿದುವು. “ಇವರಿದ್ದಾರೆ, ಭಯವಿಲ್ಲ” ಎಂಬ ನಿಶ್ಚಿಂತೆ ಅದು. ಉಳಿದ ಮರಿಗಳಲ್ಲಿ ಕೆಲವು ಬಿಡದೆ ಅಂಟಿಕೊಂಡವು, ಕೆಲವು ದೂರ ಸರಿದವು. ವಯಸ್ಸಾದ ಬೆಕ್ಕುಗಳಲ್ಲಿಯೂ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ ಇದ್ದಿತು. ಮನುಷ್ಯರ ಶಿಶುಗಳಲ್ಲಿ ಕಂಡುಬಂದಿರುವ ಪ್ರಮಾಣವೂ ಸುಮಾರು ಶೇಕಡ ೬೫!

ಭಿನ್ನಾಭಿಪ್ರಾಯ ಇಲ್ಲದಿಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ೨೦೧೫ರಲ್ಲಿ ನಡೆದ ಅಧ್ಯಯನವೊಂದು, ಬೆಳೆದ ಬೆಕ್ಕುಗಳು ರಕ್ಷಣೆಗಾಗಿ ಒಡೆಯನನ್ನು ಅವಲಂಬಿಸುವಂತೆ ಕಾಣುವುದಿಲ್ಲವೆಂದು ಹೇಳಿತ್ತು. ಎರಡನ್ನೂ ಕೂಡಿಸಿ ನೋಡಿದರೆ ತೋರುವುದಿಷ್ಟು: ಬೆಕ್ಕು ಮನುಷ್ಯನಿಲ್ಲದೆಯೂ ಇರಬಲ್ಲದು, ಆದರೆ ಮನುಷ್ಯನನ್ನು ಬಯಸಬಲ್ಲದು. ಹೊಟ್ಟೆಯ ಹಂಗೊಂದೇ ಎನ್ನುವವರಿಗೂ ಉತ್ತರವುಂಟು. ೨೦೧೭ರ ಒಂದು ಪ್ರಯೋಗದಲ್ಲಿ ಬೆಕ್ಕುಗಳ ಮುಂದೆ ಆಹಾರ, ಆಟದ ವಸ್ತು, ಇಷ್ಟದ ವಾಸನೆ, ಮನುಷ್ಯರ ಸಹವಾಸ ಈ ನಾಲ್ಕನ್ನೂ ಇಟ್ಟು ಆಯ್ಕೆಯನ್ನು ಅವಕ್ಕೇ ಬಿಟ್ಟರು. ಅರ್ಧದಷ್ಟು ಬೆಕ್ಕುಗಳು ಆರಿಸಿದ್ದು ಮನುಷ್ಯರ ಸಹವಾಸವನ್ನು. ಆಹಾರಕ್ಕೆ ಎರಡನೆಯ ಸ್ಥಾನ.

“ಕೂಗಿದರೆ ತಿರುಗಿಯೂ ನೋಡದು” ಎಂಬ ದೂರಿನ ಕಥೆ ಇನ್ನೂ ರಂಜಕ. ಜಪಾನಿನ ಅತ್ಸುಕೊ ಸೈಟೊ ಎಂಬ ವಿದುಷಿ ೨೦೧೩ರಲ್ಲಿ, ಬೆಕ್ಕುಗಳು ಒಡೆಯನ ದನಿಯನ್ನು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲುವೆಂದು ತೋರಿಸಿದರು. ೨೦೧೯ರಲ್ಲಿ, ಅದೇ ಬಗೆಯ ಇತರ ಮಾತುಗಳ ನಡುವೆ ತಮ್ಮ ಹೆಸರನ್ನೂ ಅವು ಗುರುತಿಸುತ್ತವೆಂದು ಸಿದ್ಧಪಡಿಸಿದರು. ಹೆಸರು ಕೇಳಿದಾಗ ಬೆಕ್ಕು ಕಿವಿ ನಿಮಿರಿಸಿತು, ತಲೆ ಹೊರಳಿಸಿತು. ಎದ್ದು ಬಂದ ಬೆಕ್ಕುಗಳು ಮಾತ್ರ ತೀರ ವಿರಳ! ಕರೆ ಕೇಳಿಸಿದೆ, ಕರೆದವರಾರೆಂಬುದೂ ತಿಳಿದಿದೆ. ಎದ್ದು ಬರುವ ಅಗತ್ಯ ಮಾತ್ರ ಕಂಡುಬಂದಿಲ್ಲ.

ಬಾಲ, ಕಣ್ಣು, ಕೆನ್ನೆ

ಬೆಕ್ಕು ಮಾತನಾಡುವುದು ಮೈಯಿಂದ. ಹೊರಗಿನಿಂದ ಬಂದವರ ಕಡೆಗೆ ಬಾಲವನ್ನು ಧ್ವಜದಂತೆ ನೆಟ್ಟಗೆ ಎತ್ತಿಕೊಂಡು ನಡೆದುಬಂದರೆ ಅದು ಸ್ನೇಹದ ವಂದನೆ. ಅದೇ ಬಾಲ ಸೀಸೆ ತೊಳೆಯುವ ಕುಂಚದಂತೆ ಉಬ್ಬಿದ್ದರೆ ಭಯ. ನೆಲಕ್ಕೆ ಪಟಪಟನೆ ಬಡಿಯುತ್ತಿದ್ದರೆ ಅಸಹನೆ. ನಾಯಿ ಬಾಲವಾಡಿಸಿದಾಗ ಸಂತೋಷವೆಂದು ಕಲಿತ ಮಗು ಬೆಕ್ಕಿನ ಬಾಲದಾಟವನ್ನೂ ಹಾಗೆಯೇ ಓದಿ, ಮುಟ್ಟಲು ಹೋಗಿ ಪರಚಿಸಿಕೊಳ್ಳುತ್ತದೆ. ತಪ್ಪು ಮಗುವಿನದೂ ಅಲ್ಲ, ಬೆಕ್ಕಿನದೂ ಅಲ್ಲ.

ಕಾಲಿಗೆ ಕೆನ್ನೆಯುಜ್ಜುವುದನ್ನು ಹಾಲಿನ ಯಾಚನೆಯೆಂದು ಮಾತ್ರ ತಿಳಿಯುವುದುಂಟು. ಬೆಕ್ಕಿನ ಕೆನ್ನೆ, ಹಣೆ, ಬಾಲದ ಬುಡಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಅವನ್ನು ಉಜ್ಜಿದಾಗ ಮನುಷ್ಯನ ಮೂಗಿಗೆ ತಿಳಿಯದ ಗುರುತೊಂದು ಅಲ್ಲಿ ಉಳಿಯುತ್ತದೆ. ಒಂದೇ ಬಳಗದ ಬೆಕ್ಕುಗಳು ಪರಸ್ಪರ ಹೀಗೆ ಮೈಯುಜ್ಜಿ ಎಲ್ಲರಿಗೂ ಒಂದೇ ವಾಸನೆ ಬರುವಂತೆ ಮಾಡಿಕೊಳ್ಳುತ್ತವೆ. ಮನೆಯೊಡತಿಯ ಕಾಲಿಗೆ ಮೈಯುಜ್ಜುವ ಬೆಕ್ಕು ಆಕೆಯನ್ನು ತನ್ನ ಬಳಗಕ್ಕೆ ಸೇರಿಸಿಕೊಳ್ಳುತ್ತಿದೆ.

ದಿಟ್ಟಿಸಿ ನೋಡುವುದು ಬೆಕ್ಕಿಗೆ ಬೆದರಿಕೆ. ಕಣ್ಣನ್ನು ಅರೆ ಮುಚ್ಚಿ ನಿಧಾನವಾಗಿ ರೆಪ್ಪೆ ಮಿಟುಕಿಸುವುದು ನೆಮ್ಮದಿಯ ಗುರುತು. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ೨೦೨೦ರಲ್ಲಿ ಇದನ್ನು ಪರೀಕ್ಷಿಸಿದರು. ಮನುಷ್ಯರು ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ಮಿಟುಕಿಸಿ ಉತ್ತರ ಕೊಟ್ಟವು; ಅಪರಿಚಿತರು ಚಾಚಿದ ಕೈಯ ಬಳಿಗೂ ಹೆಚ್ಚಾಗಿ ಬಂದವು. ಮನೆಯ ಬೆಕ್ಕಿನ ಮುಂದೆ ಯಾರು ಬೇಕಾದರೂ ಈ ಪ್ರಯೋಗವನ್ನು ಮಾಡಿ ನೋಡಬಹುದು.

ಮಡಿಲಿನಲ್ಲಿ ಕುಳಿತು ಮುಂಗಾಲುಗಳಿಂದ ಹಿಟ್ಟು ನಾದಿದಂತೆ ನಾದುವುದು ಹಾಲು ಕುಡಿಯುವ ದಿನಗಳಿಂದ ಉಳಿದುಬಂದ ಅಭ್ಯಾಸ. ತಾಯಿಯ ಮೊಲೆಯಿಂದ ಹಾಲಿಳಿಯಲೆಂದು ಮರಿಗಳು ಹಾಗೆ ಒತ್ತುತ್ತವೆ. ಆದರೆ ಮಲಗಿ ಹೊಟ್ಟೆ ತೋರಿಸಿತೆಂದು ಅಲ್ಲಿ ಕೈಯಿಡುವುದು ಜಾಣತನವಲ್ಲ. ಅದು ನಂಬಿಕೆಯ ಪ್ರದರ್ಶನವೇ ಹೊರತು ಮುಟ್ಟಲು ಕೊಟ್ಟ ಆಮಂತ್ರಣವಲ್ಲ. ಗಲ್ಲ, ಕೆನ್ನೆ, ಕಿವಿಯ ಬುಡ — ಹೆಚ್ಚಿನ ಬೆಕ್ಕುಗಳಿಗೆ ಪ್ರಿಯವಾದ ತಾಣಗಳು ಇವು.

ಮನುಷ್ಯನಿಗಾಗಿಯೇ ಒಂದು ದನಿ

ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ “ಮಿಯಾಂವ್” ಎನ್ನುವುದು ಅಪರೂಪ. ಅದು ಮರಿ ತಾಯಿಯನ್ನು ಕರೆಯುವ ದನಿ. ಅದನ್ನು ಬೆಳೆದ ಮೇಲೂ ಉಳಿಸಿಕೊಂಡು ಬೆಕ್ಕು ಮನುಷ್ಯನಿಗೆ ಮೀಸಲಿಟ್ಟಿದೆ. ಬಾಗಿಲು ತೆಗೆಸುವ ಕೂಗೇ ಬೇರೆ, ಊಟ ಕೇಳುವ ಕೂಗೇ ಬೇರೆ ಎಂಬುದನ್ನು ಅದರೊಡನೆ ಬಾಳಿದ ಗೃಹಿಣಿ ಬಲ್ಲಳು.

ಗುರುಗುರು ದನಿಯದು ಇನ್ನೂ ಸೂಕ್ಷ್ಮವಾದ ವಿಚಾರ. ಸೆಕೆಂಡಿಗೆ ಸುಮಾರು ೨೫ರಿಂದ ೩೦ ಕಂಪನಗಳ ಈ ತಗ್ಗಿದ ದನಿ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಹುಟ್ಟುತ್ತದೆ. ೨೦೦೯ರಲ್ಲಿ ಸಸೆಕ್ಸಿನ ಕ್ಯಾರೆನ್ ಮೆಕೂಂಬ್ ಮತ್ತು ಸಂಗಡಿಗರು, ಬೆಳಗಿನ ಊಟ ಬೇಡುವಾಗ ಕೆಲವು ಬೆಕ್ಕುಗಳು ಹೊರಡಿಸುವ ಗುರುಗುರು ದನಿಯೊಳಗೆ ಎಳೆಮಗುವಿನ ಅಳುವನ್ನು ಹೋಲುವ ಎತ್ತರದ ಎಳೆಯೊಂದು ಅಡಗಿರುವುದನ್ನು ಕಂಡುಹಿಡಿದರು. ಬೆಕ್ಕನ್ನು ಎಂದೂ ಸಾಕದವರಿಗೂ ಆ ದನಿ ಕೇಳಿದರೆ ಏನೋ ತುರ್ತೆನಿಸುತ್ತಿತ್ತು. ನಿದ್ದೆಗಣ್ಣಿನಲ್ಲೇ ಎದ್ದು ಹಾಲು ಬಗ್ಗಿಸುವ ತಾಯಂದಿರು ಏತಕ್ಕೆ ಸೋಲುತ್ತಾರೆಂಬುದು ಈಗ ತಿಳಿದಂತಾಯಿತು.

ಇದರಲ್ಲಿ ಎಚ್ಚರಿಕೆಯ ಮಾತೂ ಒಂದುಂಟು. ಬೆಕ್ಕು ಸುಖದಲ್ಲಿ ಮಾತ್ರವಲ್ಲ, ತೀವ್ರ ನೋವಿನಲ್ಲಿ, ಕೆಲವೊಮ್ಮೆ ಸಾವಿನ ಹೊಸ್ತಿಲಲ್ಲಿಯೂ ಗುರುಗುಟ್ಟುತ್ತದೆ. ದನಿ ಕೇಳುತ್ತಿದೆಯೆಂದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದಲ್ಲ.

‘ಹಗೆ’ಯ ಹಿಂದಿನ ಕಾರಣ

ಬೆಕ್ಕಿನ ಮೇಲಿನ ಅತಿ ದೊಡ್ಡ ಆರೋಪ ಹಗೆ ಸಾಧಿಸುತ್ತದೆಂಬುದು. “ನೆನ್ನೆ ಗದರಿಸಿದೆವು, ಇಂದು ಬೇಕೆಂದೇ ಹಾಸಿಗೆಯ ಮೇಲೆ ಉಚ್ಚೆ ಹೊಯ್ದಿತು” ಎನ್ನುತ್ತಾರೆ. ಪಶುವೈದ್ಯರು ಇದನ್ನು ಬೇರೆ ಬಗೆಯಲ್ಲಿ ಓದುತ್ತಾರೆ. ಇಷ್ಟು ದಿನ ಮರಳಿನ ತಟ್ಟೆಯನ್ನು ಬಳಸುತ್ತಿದ್ದ ಬೆಕ್ಕು ಒಮ್ಮೆಗೇ ಅದನ್ನು ಬಿಟ್ಟರೆ ಮೂತ್ರಕೋಶದ ಉರಿಯೂತವೇ ಕಾರಣವಿರಬಹುದು. ಉರಿಯನ್ನು ಅದು ಆ ತಟ್ಟೆಗೆ ತಳಕು ಹಾಕಿ, ಮೆತ್ತಗಿನ ಬೇರೆ ಜಾಗ ಹುಡುಕುತ್ತದೆ. ತಟ್ಟೆ ಕೊಳಕಾಗಿರಬಹುದು, ಮನೆಗೆ ಹೊಸ ಬೆಕ್ಕೋ ಹೊಸ ಮಗುವೋ ಬಂದು ಅದರ ನೆಮ್ಮದಿ ಕೆಟ್ಟಿರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕುರುಗಾಲಿನಲ್ಲಿ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಮೂತ್ರನಾಳ ಕಟ್ಟಿಕೊಂಡ ಲಕ್ಷಣ. ಎರಡು ಮೂರು ದಿನಗಳಲ್ಲೇ ಪ್ರಾಣ ಹೋಗಬಲ್ಲ ಸ್ಥಿತಿ ಅದು. ಅಂಥ ಬೆಕ್ಕಿಗೆ ಬೇಕಾದುದು ಏಟಲ್ಲ, ಆ ದಿನವೇ ವೈದ್ಯರ ನೆರವು. ಹಗೆಯೆಂದು ತಿಳಿದು ಗೋಣಿಚೀಲಕ್ಕೆ ತುಂಬಿದ ಬೆಕ್ಕುಗಳಲ್ಲಿ ರೋಗಿಗಳೂ ಇದ್ದಿರಲೇಬೇಕು.

ಉಗುರು ಮಸೆಯುವುದು ದ್ವೇಷವಲ್ಲ, ದೇಹಧರ್ಮ. ಉಗುರಿನ ಹಳೆಯ ಪೊರೆ ಕಳಚುತ್ತದೆ, ಬೆನ್ನು ಸಡಿಲವಾಗುತ್ತದೆ, ಅಂಗಾಲಿನ ವಾಸನೆಯ ಗುರುತು ಉಳಿಯುತ್ತದೆ. ಸೋಫಾದ ಪಕ್ಕದಲ್ಲೇ ಹುರಿಹಗ್ಗ ಸುತ್ತಿದ ಗಟ್ಟಿಯಾದ ಮರದ ಕಂಬವೊಂದನ್ನು ನಿಲ್ಲಿಸಿದರೆ ಸೋಫಾ ಉಳಿದೀತು. ಹೆತ್ತ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬ ಮಾತಿನ ಹಿಂದೆಯೂ ಕಾರಣವುಂಟು: ಗದ್ದಲವೆನಿಸಿದರೆ, ಜಾಗ ಹೊಲಸಾದರೆ, ಜನ ಪದೇ ಪದೇ ಬಂದು ಇಣುಕಿದರೆ ತಾಯಿ ಮರಿಗಳನ್ನು ಕಚ್ಚಿ ಬೇರೆಡೆಗೆ ಒಯ್ಯುತ್ತದೆ. ಮನೆ ಬದಲಾಯಿಸಿದಾಗ ಬೆಕ್ಕು ಹಳೆಯ ಮನೆಗೆ ಓಡುವುದೂ ಕೃತಘ್ನತೆಯಲ್ಲ. ತಾನೇ ವಾಸನೆಯಿಂದ ಗುರುತು ಹಾಕಿಟ್ಟ ಸೀಮೆಯ ಸೆಳೆತ ಅದು. ಹೊಸ ಮನೆಯಲ್ಲಿ ಮೊದಲ ಎರಡು ಮೂರು ವಾರ ಒಳಗೇ ಇರಿಸಿ, ಅದರ ಹಳೆಯ ಹಾಸಿಗೆಯನ್ನು ಒಗೆಯದೆ ಹಾಗೆಯೇ ಹಾಸಿಕೊಟ್ಟರೆ ಹೊಸ ಗೋಡೆಗಳೂ ಅದರ ಸ್ವಂತವಾಗುತ್ತವೆ.

ಹೊಡೆದು ತಿದ್ದುವುದು ವ್ಯರ್ಥ. ಇಲಿಗಳ ಕಾಟ ನೀಗಲೆಂದು ಕೃಷ್ಣದೇವರಾಯನು ಪ್ರಜೆಗಳಿಗೆ ಹಂಚಿದ ಬೆಕ್ಕುಗಳಲ್ಲೊಂದಕ್ಕೆ ತೆನಾಲಿ ರಾಮಕೃಷ್ಣನು ಕುದಿಯುವ ಹಾಲನ್ನಿಟ್ಟು, ಹಾಲು ಕಂಡರೇ ಓಡಿಹೋಗುವಂತೆ ಮಾಡಿದ ಕಥೆ ಯಾರಿಗೆ ತಿಳಿಯದು? ನಕ್ಕು ಮರೆಯುವ ಆ ಕಥೆಯಲ್ಲಿ ಬೆಕ್ಕಿನ ಸ್ವಭಾವದ ಒಂದು ಸತ್ಯವಿದೆ. ಒಂದೇ ಒಂದು ಕಹಿ ಅನುಭವವನ್ನು ಅದು ಬಹುಕಾಲ ನೆನಪಿಡುತ್ತದೆ; ಆದರೆ ತಾನು ಮಾಡಿದ ತಪ್ಪಿನೊಂದಿಗಲ್ಲ, ನೋಯಿಸಿದ ವಸ್ತುವಿನೊಂದಿಗೆ. ಏಟು ತಿಂದ ಬೆಕ್ಕು ತಪ್ಪನ್ನು ಬಿಡುವುದಿಲ್ಲ; ಏಟು ಕೊಟ್ಟ ಕೈಯನ್ನು ಬಿಡುತ್ತದೆ.

ಮೊದಲ ಏಳು ವಾರ

ಶ್ರೀವೈಷ್ಣವ ಸಂಪ್ರದಾಯದಲ್ಲಿ ಮಾರ್ಜಾಲಕಿಶೋರ ನ್ಯಾಯವೆಂಬುದೊಂದುಂಟು. ಮಂಗನ ಮರಿ ತಾನೇ ತಾಯಿಯನ್ನು ಅವಚಿಕೊಳ್ಳಬೇಕು. ಬೆಕ್ಕಿನ ಮರಿಯಾದರೋ ಮೈ ಸಡಿಲಬಿಟ್ಟರೆ ಸಾಕು, ತಾಯಿಯೇ ಕಚ್ಚಿ ಒಯ್ಯುತ್ತದೆ. ಭಗವಂತನಲ್ಲಿ ಪೂರ್ಣ ಶರಣಾಗತಿಗೆ ಹಿರಿಯರು ಕೊಟ್ಟ ಈ ಉಪಮಾನ ನಿಸರ್ಗದ ನಿಜವೂ ಹೌದು. ಕತ್ತಿನ ಹಿಂಬದಿಯ ಚರ್ಮವನ್ನು ತಾಯಿ ಹಿಡಿದೊಡನೆ ಮರಿ ತಾನಾಗಿ ಸುಮ್ಮನಾಗುತ್ತದೆ. ಆದರೆ ಇದು ಮರಿಗೆ ಮಾತ್ರ ಸಲ್ಲುವ ಮಾತು. ಬೆಳೆದ ಬೆಕ್ಕನ್ನು ಹಾಗೆ ಎತ್ತಿದರೆ ಅದಕ್ಕೆ ನೋವು, ಭಯ. ಎದೆಯ ಕೆಳಗೊಂದು ಕೈ, ಹಿಂಗಾಲಿನ ಕೆಳಗೊಂದು ಕೈ ಕೊಟ್ಟು ಎತ್ತಬೇಕು.

ಮರಿ ಮನುಷ್ಯನನ್ನು ನೆಚ್ಚುವುದೋ ಅಂಜುವುದೋ ಎಂಬುದು ಬಹಳ ಬೇಗ ನಿಶ್ಚಯವಾಗುತ್ತದೆ. ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಷ್ ೧೯೮೦ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ, ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯೇ ನಿರ್ಣಾಯಕವೆಂದು ತಿಳಿದುಬಂದಿತು. ಆ ದಿನಗಳಲ್ಲಿ ನಿತ್ಯವೂ ಮನುಷ್ಯರ ಮೃದುವಾದ ಕೈಗಳಲ್ಲಿ ಆಡಿದ ಮರಿ ಜನ್ಮವಿಡೀ ಸ್ನೇಹಿತ. ಅಟ್ಟದ ಕತ್ತಲೆಯಲ್ಲೇ ಆ ದಿನಗಳನ್ನು ಕಳೆದ ಮರಿ ಮುಂದೆ ಕೈಗೆ ಸಿಗದಿದ್ದರೆ ಅದನ್ನು ದುಷ್ಟವೆನ್ನುವುದು ಅನ್ಯಾಯ.

ಹಾಲನ್ನ ಸಾಲದು

ಪ್ರೀತಿಯಿದ್ದೂ ಅರಿವಿಲ್ಲದೆ ಆಗುವ ಅನ್ಯಾಯ ಊಟದ್ದು. “ನಮ್ಮ ಅಜ್ಜಿಯ ಮನೆಯ ಬೆಕ್ಕು ಹಾಲನ್ನ ತಿಂದೇ ಬಾಳಲಿಲ್ಲವೆ?” ಎಂದು ಕೇಳುವವರುಂಟು. ಹಾಲನ್ನ ತಿಂದದ್ದು ನಿಜ. ಅಜ್ಜಿಯ ಕಣ್ಣಿಗೆ ಬೀಳದಂತೆ ಕಣಜದ ಇಲಿಯನ್ನೂ ಹಿತ್ತಲಿನ ಓತಿಕ್ಯಾತವನ್ನೂ ತಿಂದದ್ದೂ ಅಷ್ಟೇ ನಿಜ. ನಗರದ ಮೂರನೆಯ ಮಹಡಿಯಲ್ಲಿ ಬಾಗಿಲು ಮುಚ್ಚಿದ ಮನೆಯಲ್ಲಿರುವ ಬೆಕ್ಕಿಗೆ ಆ ಎರಡನೆಯ ಊಟ ಇಲ್ಲ.

ಬೆಕ್ಕು ಅಪ್ಪಟ ಮಾಂಸಾಹಾರಿ. ಟಾರಿನ್ ಎಂಬ ಸತ್ತ್ವವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನುಗಳಿಂದಲೇ ಅದು ದೊರೆಯಬೇಕು. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುವುದೆಂದು ೧೯೭೫ರಲ್ಲಿಯೂ, ಹೃದಯ ಹಿಗ್ಗಿ ಸೋಲುವುದೆಂದು ೧೯೮೭ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ಮನೆಯೊಡತಿಯ ಕಣ್ಣು ಹೋಗಲೆಂದು ಬೆಕ್ಕು ಹಾರೈಸುತ್ತದೆಂಬುದು ಕಟ್ಟುಕಥೆ. ಬರಿಯ ಹಾಲನ್ನದಿಂದ ಬೆಕ್ಕಿನ ಕಣ್ಣು ಹೋಗಬಹುದೆಂಬುದು ಮಾತ್ರ ನಿಜ. ಮಾಂಸ ತಾರದ ಮನೆಗಳಲ್ಲಿ, ಟಾರಿನ್ ಸೇರಿಸಿ ಬೆಕ್ಕಿಗೆಂದೇ ತಯಾರಾಗುವ ಆಹಾರವನ್ನು ಪಶುವೈದ್ಯರ ಸಲಹೆಯಂತೆ ಕೊಡಬಹುದು. ಬೆಳೆದ ಅನೇಕ ಬೆಕ್ಕುಗಳಿಗೆ ಹಸುವಿನ ಹಾಲೇ ಜೀರ್ಣವಾಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಅಡಿಗೆ ಅದರ ರಕ್ತಕ್ಕೆ ಕೇಡು. ಎಲ್ಲಕ್ಕಿಂತ ಮುಖ್ಯವಾದುದು: ಜ್ವರವೆಂದು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಬೆಕ್ಕಿಗೆ ಕೊಡಬಾರದು. ಅದು ಪ್ರಾಣಾಂತಿಕ ವಿಷ.

ನೋವನ್ನು ಮರೆಮಾಚುವುದು ಬೆಕ್ಕಿನ ಹುಟ್ಟುಗುಣ. ಒಂಟಿ ಬೇಟೆಗಾರ ತನ್ನ ದುರ್ಬಲತೆಯನ್ನು ಹೊರಗೆಡಹುವಂತಿಲ್ಲ. ಮಂಚದ ಕೆಳಗೆ ಅಡಗಿ ಕುಳಿತುಕೊಳ್ಳುವುದು, ಮೈ ನೆಕ್ಕಿ ಶುಚಿ ಮಾಡಿಕೊಳ್ಳದಿರುವುದು, ಮೊದಲು ಹಾರುತ್ತಿದ್ದ ಕಿಟಕಿಗೆ ಹಾರದಿರುವುದು, ಒಂದು ದಿನಕ್ಕಿಂತ ಹೆಚ್ಚು ಊಟ ಬಿಡುವುದು — ಇವಿಷ್ಟೇ ಅದು ಕೊಡುವ ಸೂಚನೆಗಳು. ಕೆನಡದ ಮಾಂಟ್ರಿಯಾಲ್ ವಿಶ್ವವಿದ್ಯಾಲಯದ ವೈದ್ಯರು ೨೦೧೯ರಲ್ಲಿ ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ ಈ ಐದನ್ನು ನೋಡಿಯೇ ನೋವನ್ನು ಅಳೆಯುವ ಕ್ರಮವೊಂದನ್ನು ರೂಪಿಸಿದರು. ಕಿವಿಗಳು ಪಕ್ಕಕ್ಕೆ ಹೊರಳಿ, ಕಣ್ಣು ಕಿರಿದಾಗಿ, ತಲೆ ಭುಜಕ್ಕಿಂತ ಕೆಳಗಿಳಿದಿದ್ದರೆ ಬೆಕ್ಕು ನೋಯುತ್ತಿದೆ.

ಮನೆಮಂದಿಯ ಕ್ಷೇಮವನ್ನೂ ಮರೆಯುವಂತಿಲ್ಲ. ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಬೇಕು. ಅದು ಕಚ್ಚಿದರೆ, ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆಯನ್ನು ಶುಚಿಮಾಡುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು. ಮತ್ತೆ ಮತ್ತೆ ಬಸಿರಾಗಬಲ್ಲ ಹೆಣ್ಣುಬೆಕ್ಕಿಗೆ ಸಕಾಲದಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ, ಬೀದಿಗೆ ಬೀಳುವ ಮರಿಗಳ ಪ್ರಶ್ನೆಯೇ ಏಳುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ಬಿಟ್ಟುಬರುವುದು ೧೯೬೦ರ ಪ್ರಾಣಿಹಿಂಸೆ ನಿವಾರಣೆಯ ಕಾಯಿದೆಯ ಪ್ರಕಾರ ಅಪರಾಧವೆಂಬುದೂ ಗಮನದಲ್ಲಿರಲಿ.

ಚೆನ್ನಾಗಿ ನೋಡಿಕೊಂಡ ಬೆಕ್ಕು ಹದಿನೈದು ವರ್ಷ ಬಾಳುವುದು ಇಂದು ಅಚ್ಚರಿಯಲ್ಲ. ಅಕ್ಷರಾಭ್ಯಾಸದ ವರ್ಷ ಮನೆಗೆ ತಂದ ಮರಿ, ಮಗು ಕಾಲೇಜಿನ ಮೆಟ್ಟಿಲೇರುವವರೆಗೂ ಜೊತೆಗಿರುತ್ತದೆ. ಅಷ್ಟು ವರ್ಷಗಳಲ್ಲಿ ಅದು ಮನೆ ಕಾಯಲಿಲ್ಲ, ಹೇಳಿದ ಕೆಲಸ ಮಾಡಲಿಲ್ಲ, ಕರೆದಾಗಲೆಲ್ಲ ಬರಲಿಲ್ಲ. ಆದರೆ ಮನೆಯ ಬಾಗಿಲು ತೆರೆದೇ ಇದ್ದಿತು, ಹೋಗಬೇಕೆಂದಿದ್ದರೆ ತಡೆಯುವವರಿರಲಿಲ್ಲ. ಆದರೂ ಪ್ರತಿ ಸಂಜೆ ಬಾಲವೆತ್ತಿಕೊಂಡು ಅದು ಒಳಕ್ಕೇ ಬಂದಿತು.